ದೋಣಿಯಲ್ಲಿ ಬಂದ ಹಂದಿಗಳು

ಆಂಗ್ರಿ ಬರ್ಡ್ಸ್ ಆಟವನ್ನು ನಾನು ಕಲಿತದ್ದು ಡೊಂಬಿವಲಿ ಲೋಕಲ್‌ನಲ್ಲಿ, 2011ರ ಸುಮಾರಿಗೆ. ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದರಲ್ಲಿ ಫೋನು, ಆಡುವುದಕ್ಕೆ ಉಳಿದದ್ದು ಹೆಬ್ಬೆರಳೊಂದೇ. ಆ ಆಟಕ್ಕೆ ಅಷ್ಟೇ ಸಾಕಿತ್ತು. ಕವಣೆಯ ರಬ್ಬರು ಹಿಂದಕ್ಕೆಳೆದು ಬಿಟ್ಟರೆ ಹಕ್ಕಿ ಹಾರಿಹೋಗಿ ಹಸಿರು ಹಂದಿಯ ಮನೆ ಕೆಡವುತ್ತಿತ್ತು. ಇಂಟರ್ನೆಟ್ ಬೇಡವಾದ್ದರಿಂದ ಫಾಸ್ಟ್ ಗಾಡಿ ಪಾರಸಿಕ್ ಸುರಂಗಕ್ಕೆ ನುಗ್ಗಿದರೂ ಆಟ ನಿಲ್ಲುತ್ತಿರಲಿಲ್ಲ. ಹಂದಿಗಳ ಮೇಲೆ ಇಷ್ಟು ಸಿಟ್ಟು ಯಾಕೆ ಎಂದು ನಾನಂತೂ ಕೇಳಿಕೊಳ್ಳಲಿಲ್ಲ. ಮೊಟ್ಟೆ ಕದ್ದಿವೆ ಎಂದು ಶುರುವಿನ ನಾಲ್ಕಾರು ಚಿತ್ರಗಳು ಹೇಳುತ್ತಿದ್ದವು. ಕೊಪರ್ ಬರುವುದರೊಳಗೆ ಒಂದು ಲೆವೆಲ್ ಮುಗಿಸಬೇಕಾದವನಿಗೆ ಅದಕ್ಕಿಂತ ಹೆಚ್ಚಿನ ಕಾರಣ ಬೇಕಾಗಿರಲಿಲ್ಲ.

ಸಿನಿಮಾಕ್ಕೆ ಬೇಕು. ಒಂದೂವರೆ ಗಂಟೆ ಕವಣೆ ಎಳೆಯುತ್ತ ಕೂರಲಾಗುವುದಿಲ್ಲ. ಫಿನ್ಲೆಂಡಿನ ರೋವಿಯೊ ಕಂಪೆನಿ 51 ಆಟಗಳನ್ನು ಮಾಡಿ, ದಿವಾಳಿಯ ಅಂಚಿಗೆ ಬಂದು, 2009ರ ಡಿಸೆಂಬರಿನಲ್ಲಿ ಈ 52ನೆಯದರಿಂದ ಗೆದ್ದಿತು. 2016ರಲ್ಲಿ ಅದು ಚಿತ್ರವಾಯಿತು. ಹಕ್ಕಿಗಳಿಗೆ ಮಾತು ಬಂತು, ರೆಡ್ ಎಂಬ ಕೆಂಪು ಹಕ್ಕಿಗೆ ದಪ್ಪ ಹುಬ್ಬು, ಒಂಟಿತನ, ಮೂಗಿನ ತುದಿಯಲ್ಲೇ ಸಿಟ್ಟು ಬಂದವು. ಆಟದಲ್ಲಿ ಸ್ಫೋಟಿಸುವ ಹಕ್ಕಿ ಇಲ್ಲಿ ಬಾಂಬ್, ವೇಗವಾಗಿ ಚಿಮ್ಮುವುದು ಚಕ್. ಇದನ್ನೆಲ್ಲ ಚಿತ್ರತಂಡ ಜಾಣತನದಿಂದಲೇ ಮಾಡಿದೆ. ಕಥೆ ಬರೆದ ಜಾನ್ ವಿಟ್ಟಿ 'ದಿ ಸಿಂಪ್ಸನ್ಸ್'ಗೆ ಬರೆದವರು, ನಗಿಸಲು ಬರುತ್ತದೆ. ಉಳಿದದ್ದು ಒಂದೇ ಪ್ರಶ್ನೆ: ಹಂದಿಗಳ ಕೈಗೆ ಮೊಟ್ಟೆ ಸಿಕ್ಕಿದ್ದು ಹೇಗೆ?

ಚಿತ್ರದ ಉತ್ತರ ಇದು. ಹಕ್ಕಿಗಳ ದ್ವೀಪಕ್ಕೆ ದೂರದಿಂದ ಹಡಗೊಂದು ಬರುತ್ತದೆ. ನಗುಮುಖದ ಎರಡು ಹಂದಿಗಳು ಇಳಿಯುತ್ತವೆ. ನಾವಿಬ್ಬರೇ ಬಂದಿದ್ದೇವೆ ಎನ್ನುತ್ತವೆ. ಉಡುಗೊರೆ ಕೊಡುತ್ತವೆ, ಕುಣಿಯುತ್ತವೆ, ಎಲ್ಲರಿಗೂ ಇಷ್ಟವಾಗುತ್ತವೆ. ರೆಡ್‌ಗೆ ಮಾತ್ರ ಅನುಮಾನ. ಹಡಗಿನ ಹೊಟ್ಟೆಯಲ್ಲಿ ಇಣುಕಿದರೆ ಇನ್ನಷ್ಟು ಹಂದಿಗಳು. ಹೇಳಿದರೆ ಊರು ನಂಬುವುದಿಲ್ಲ, ಉಗಿದು ಕಳಿಸುತ್ತದೆ. ಒಂದು ರಾತ್ರಿ ಮೊಟ್ಟೆಗಳೆಲ್ಲ ಮಾಯ. ಆಮೇಲೆ ನಮಗೆ ಗೊತ್ತಿರುವ ಆಟ: ಕವಣೆ, ಹಾರಾಟ, ಹಂದಿಗಳ ಇಡೀ ನಗರ ನೆಲಸಮ. ಅನುಮಾನಿಸಿದವನೇ ಸರಿ ಎಂದಾಗಿ ರೆಡ್ ಊರಿನ ಹೀರೊ ಆಗುತ್ತಾನೆ.

ಆ ಬೇಸಿಗೆ ರಜೆಯಲ್ಲಿ ಕಲ್ಯಾಣದಲ್ಲಿ ನೋಡಿದೆವು. ಆರು ವರ್ಷದ ಮಗಳ ಜೊತೆ ನಾನೂ ಚಪ್ಪಾಳೆ ತಟ್ಟಿದೆ. ರಾತ್ರಿ ಅವಳು ಅಜ್ಜಿಗೆ ಕಥೆ ಹೇಳಿದಳು, ಅರ್ಧ ಕನ್ನಡ, ಅರ್ಧ ಹಿಂದಿ. ಅಮ್ಮ ಪೂರ್ತಿ ಕೇಳಿ, "ಆ ಹಂದಿಗಳು ಎಂತಕ್ಕೆ ಬಂದದ್ದಂತೆ ಅಷ್ಟು ದೂರ? ಅವರ ಊರಲ್ಲಿ ತಿನ್ನಲಿಕ್ಕೆ ಎಂತ ಇರಲಿಲ್ವಾ?" ಎಂದಳು. ಮಗಳಿಗೆ ಗೊತ್ತಿರಲಿಲ್ಲ. ಚಿತ್ರ ಹೇಳಿರಲಿಲ್ಲ.

ಅಮ್ಮನ ಅಪ್ಪ ಮಂಗಳೂರಿನಲ್ಲಿ ಹಡಗು ಹತ್ತಿ ಮುಂಬಯಿಗೆ ಬಂದು ಹೊಟೇಲಿನಲ್ಲಿ ಲೋಟ ತೊಳೆದವರು. ಬಂದದ್ದು ಒಬ್ಬರೇ. ನೆಲೆ ಸಿಕ್ಕಮೇಲೆ ಅಕ್ಕನ ಮಗ ಬಂದ, ಪಕ್ಕದ ಮನೆಯ ಹುಡುಗ ಬಂದ, ಅವನ ತಮ್ಮ ಬಂದ. ಹಡಗಿನ ಹೊಟ್ಟೆಯಲ್ಲಿ ಇನ್ನಷ್ಟು ಹಂದಿಗಳು! ಅಮ್ಮನ ಪ್ರಶ್ನೆ ಬರುವವರೆಗೆ ನನಗಿದು ಹೊಳೆಯಲೇ ಇಲ್ಲ.

ಈ ಊರಿಗೂ ಆ ಅನುಮಾನ ಹೊಸದಲ್ಲ. 1960ರ ದಶಕದಲ್ಲಿ 'ಮಾರ್ಮಿಕ್' ವಾರಪತ್ರಿಕೆ ಕಂಪೆನಿಗಳಲ್ಲಿದ್ದ ದಕ್ಷಿಣದವರ ಹೆಸರುಗಳ ಪಟ್ಟಿಯನ್ನೇ ಅಚ್ಚು ಹಾಕುತ್ತಿತ್ತು. 1966ರಲ್ಲಿ ಶಿವಸೇನೆ ಹುಟ್ಟಿತು, 'ಹಟಾವ್ ಲುಂಗಿ' ಘೋಷಣೆಯಾಯಿತು, ಉಡುಪಿ ಹೊಟೇಲುಗಳು ಗುರಿಯಾದವು. ಸಿಟ್ಟಿಗೆ ಕಾರಣಗಳಿರಲಿಲ್ಲ ಎಂದಲ್ಲ. ಕೆಲಸವಿಲ್ಲದ ಮರಾಠಿ ಹುಡುಗನ ಕಷ್ಟ ನಿಜವಾದದ್ದೇ. ಆದರೆ ಆ ಕಥೆಯಲ್ಲೂ ಹೊರಗಿನಿಂದ ಬಂದವನು ಎಂತಕ್ಕೆ ಬಂದ ಎಂಬ ಭಾಗ ಇರಲಿಲ್ಲ.

ಮಕ್ಕಳ ಕಾರ್ಟೂನಿಗೆ ಇಷ್ಟು ಭಾರ ಹೊರಿಸಬೇಕೆ ಎನ್ನಬಹುದು. ಹಿಂದಿನ ವರ್ಷವಷ್ಟೇ ಸಿರಿಯಾದ ಜನ ದೋಣಿಗಳಲ್ಲಿ ಯುರೋಪಿಗೆ ಬಂದಿದ್ದರು, ಹೊರಗಿನ ವಿಮರ್ಶಕರಿಗೂ ಈ ವಾಸನೆ ಬಡಿಯಿತು. ಅಂಥ ಉದ್ದೇಶ ಯಾರಿಗೂ ಇರಲಿಲ್ಲವೆಂದೇ ನನ್ನ ಅಂದಾಜು. ಕಾರಣವಿಲ್ಲದ ಸಿಟ್ಟಿಗೆ ಬೇಗನೆ ಒಂದು ಕಾರಣ ಬೇಕಾದಾಗ ಕೈಗೆ ಮೊದಲು ಸಿಕ್ಕಿದ್ದು ಇದು, ಅಷ್ಟೇ. ನನ್ನನ್ನು ಹೆಚ್ಚು ಕಾಡುವುದು ಚಿತ್ರವೇ ಗಮನಿಸದೆ ದಾಟಿಹೋದ ಒಂದು ಸಂಗತಿ. ಹಕ್ಕಿಗಳು ಗೆಲ್ಲುವುದು ಕವಣೆಯಿಂದ, ಆ ಕವಣೆ ಹಂದಿಗಳು ತಂದುಕೊಟ್ಟ ಉಡುಗೊರೆ. ಇಡ್ಲಿ ವಡೆ ತಿಂದು ಮುಗಿಸಿ ಲುಂಗಿಯವನನ್ನು ಓಡಿಸಲು ಹೊರಟ ಹಾಗೆ.

ಎರಡನೆಯ ಚಿತ್ರ 2019ರಲ್ಲಿ ಬಂತು. ಠಾಣೆಯ ವಿವಿಯಾನಾ ಮಾಲ್‌ನಲ್ಲಿ ಹಿಂದಿಯಲ್ಲಿ ನೋಡಿದೆವು. ರೆಡ್‌ಗೆ ಕಪಿಲ್ ಶರ್ಮಾ, ಹಂದಿರಾಜ ಲಿಯೊನಾರ್ಡ್‌ಗೆ ಕೀಕು ಶಾರದಾ, ಹೊಸ ಖಳನಾಯಕಿ ಝೀಟಾಗೆ ಅರ್ಚನಾ ಪೂರಣ್ ಸಿಂಗ್ ದನಿ. ಸಮಸ್ಯೆಯೆಂದರೆ ದನಿ ಕೇಳಿದೊಡನೆ ಕಪಿಲ್ ಶೋದ ಸೆಟ್ ಕಣ್ಣೆದುರು ಬರುತ್ತದೆ, ದ್ವೀಪ ಮಾಯವಾಗುತ್ತದೆ. ಜನ ನಕ್ಕದ್ದು ಟಿವಿಗೆ. ಆದರೂ ಚಿತ್ರ ಮೊದಲನೆಯದಕ್ಕಿಂತ ಎಷ್ಟೋ ಮೇಲು. ಮೂರನೆಯ ದ್ವೀಪದಿಂದ ಹಿಮದ ಗುಂಡುಗಳು ಬೀಳತೊಡಗಿದಾಗ ಹಕ್ಕಿ ಮತ್ತು ಹಂದಿ ಜಗಳ ಬಿಟ್ಟು ಒಟ್ಟಾಗುತ್ತವೆ. ಶತ್ರುವಿನ ಕೋಟೆಗೆ ನುಸುಳಲು ಎರಡೂ ಕಡೆಯವರು ಒಂದೇ ಹದ್ದಿನ ವೇಷದೊಳಗೆ ತುರುಕಿಕೊಳ್ಳುವ ದೃಶ್ಯವಿದೆಯಲ್ಲ, ಎರಡು ಚಿತ್ರಗಳಲ್ಲೂ ಅದಕ್ಕೆ ಸಮನಾದದ್ದು ಇಲ್ಲ. ಒಬ್ಬ ಕಾಲು, ಒಬ್ಬ ಕೈ, ಯಾರ ಮೊಣಕೈ ಯಾರ ಹೊಟ್ಟೆಗೋ. ಬೆಳಿಗ್ಗೆ 8ರ ಗಾಡಿಯಲ್ಲಿ ದಿವಾದಲ್ಲಿ ಹತ್ತಿದವರಿಗೆ ವಿವರಿಸಬೇಕಿಲ್ಲ. ಅದು ಬಿಟ್ಟರೆ, ಕಳೆದುಹೋದ ಮೊಟ್ಟೆಗಳನ್ನು ಹುಡುಕುವ ಮೂರು ಮರಿಗಳ ಪುಟ್ಟ ಕಥೆ. ಅದಕ್ಕೇ ಬೇರೆ ಸಿನಿಮಾ ಮಾಡಬಹುದಿತ್ತು.

ಗಳಿಕೆಯ ಲೆಕ್ಕ ಮಾತ್ರ ತಿರುಗುಮುರುಗು. ಮೊದಲನೆಯದು ಜಗತ್ತಿನಾದ್ಯಂತ ಸುಮಾರು 35 ಕೋಟಿ ಡಾಲರ್ ತಂದರೆ, ಎರಡನೆಯದು ಅದರ ಅರ್ಧವನ್ನೂ ಮುಟ್ಟಲಿಲ್ಲ.

ಝೀಟಾಳ ಕಥೆಯನ್ನು ಕೊನೆಯಲ್ಲಿ ಮದುವೆ ಮಾಡಿಸಿ ಮುಗಿಸಿದ್ದು ಅವಸರದ ಕೆಲಸ, ನಮ್ಮ ಹಳೆಯ ಸಿನಿಮಾಗಳ ಹಾಗೆ. ಆದರೆ ಅವಳಿಗೆ ಮಾತನಾಡಲು ಅವಕಾಶ ಕೊಟ್ಟಿದ್ದಾರೆ. ಮಗಳು ಆ ರಾತ್ರಿಯೂ ಅಜ್ಜಿಗೆ ಕಥೆ ಹೇಳಿದಳು. ಹದ್ದು ಬೇರೆಯವರ ದ್ವೀಪಕ್ಕೆ ಕಣ್ಣು ಹಾಕುವಲ್ಲಿಗೆ ಬಂದಾಗ ಅಮ್ಮ ತಡೆದಳು.

"ಅದಕ್ಕೆ ಎಂತಕ್ಕೆ ಬೇಕಂತೆ ಇವರ ದ್ವೀಪ?"

"ಅವಳ ದ್ವೀಪದಲ್ಲಿ ಬರೀ ಐಸ್, ಅಜ್ಜಿ. ತುಂಬಾ ಚಳಿ."

"ಹೌದಾ," ಎಂದಳು ಅಮ್ಮ. "ಮತ್ತೆ?"