ರ‍್ಯಾಪ್ ಹಾಡಿನ ‘ನಾನು’: ಬವಣೆ ಮತ್ತು ಗೆಲುವಿನ ಕಥನದ ಜಾನಪದೀಯ ನೆಲೆ

1

ಹಾಡಿನಲ್ಲಿ ಬರುವ ‘ನಾನು’ ಯಾರು ಎಂಬುದು ಜಾನಪದ ಅಧ್ಯಯನಕ್ಕೆ ಹೊಸ ಪ್ರಶ್ನೆಯಲ್ಲ. ಬೀಸುವ ಕಲ್ಲಿನ ಮುಂದೆ ಕುಳಿತು ತವರನ್ನು ನೆನೆಯುವ ಹೆಣ್ಣು ತನ್ನ ಅಣ್ಣನನ್ನು ಹಾಡುತ್ತಾಳೆಯೋ, ಎಲ್ಲ ಹೆಣ್ಣುಮಕ್ಕಳ ಅಣ್ಣನನ್ನು ಹಾಡುತ್ತಾಳೆಯೋ ಎಂದು ಬಿಡಿಸಿ ಹೇಳುವುದು ಕಷ್ಟ. ಒಡಹುಟ್ಟಿದವರೇ ಇಲ್ಲದವಳೂ ಅದೇ ತ್ರಿಪದಿಯನ್ನು ಹಾಡುತ್ತಾಳೆ. ಕೇಳುವವರು ಆಕೆಯನ್ನು ಸುಳ್ಳುಗಾತಿ ಎನ್ನುವುದಿಲ್ಲ. ಅಮೆರಿಕದ ನಗರಗಳಲ್ಲಿ ಹುಟ್ಟಿ ಬೆಳೆದ ರ‍್ಯಾಪ್ ಹಾಡಿಗೆ ಮಾತ್ರ ಈ ತಿಳಿವಳಿಕೆಯ ಲಾಭ ದೊರೆತಿಲ್ಲ. ಬಡತನದಲ್ಲಿ ಹುಟ್ಟಿ, ಬೀದಿಯಲ್ಲಿ ಬೆಳೆದು, ಹಟದಿಂದ ಮೇಲೇರಿದ ಗಾಯಕನ ನೇರ ಆತ್ಮಕಥೆ ಎಂದೇ ಅದನ್ನು ಅಭಿಮಾನಿಗಳು, ಪತ್ರಿಕೆಗಳು, ಧ್ವನಿಮುದ್ರಣ ಕಂಪನಿಗಳು, ಕೊನೆಗೆ ನ್ಯಾಯಾಲಯಗಳೂ ಓದುತ್ತ ಬಂದಿವೆ.

ರ‍್ಯಾಪ್ ಹಾಡಿನಲ್ಲಿ ಕಲಾವಿದರ ಬವಣೆ ಹಾಗೂ ಗೆಲುವಿನ ಹಂಬಲ ಪ್ರತಿಫಲಿಸುತ್ತದೆ ಎಂಬ ಮಾತನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ ಆ ಪ್ರತಿಫಲನವು ಒಂದು ಮೌಖಿಕ ಪರಂಪರೆಯ ಸೂತ್ರಗಳ ಮೂಲಕ ಹಾದು ಬಂದುದು. ಅಲ್ಲಿನ ‘ನಾನು’ ಒಬ್ಬ ವ್ಯಕ್ತಿಯ ಸ್ವತ್ತಾಗಿರುವುದಕ್ಕಿಂತ ಹೆಚ್ಚಾಗಿ ಸಮುದಾಯವೊಂದು ಕೈಯಿಂದ ಕೈಗೆ ದಾಟಿಸಿದ ಪಾತ್ರ. ಈ ಸಂಗತಿಯನ್ನು ಕೆಲವು ಪ್ರಾತಿನಿಧಿಕ ಹಾಡುಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2

ರ‍್ಯಾಪ್ ಹುಟ್ಟಿದ ನೆಲದ ಬವಣೆ ಕಲ್ಪಿತವಲ್ಲ ಎಂಬುದನ್ನು ಮೊದಲಿಗೇ ಹೇಳಬೇಕು. ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಪ್ರದೇಶವನ್ನು ಸೀಳಿಕೊಂಡು ಹೋಗುವ ಕ್ರಾಸ್ ಬ್ರಾಂಕ್ಸ್ ಹೆದ್ದಾರಿಯ ಕಾಮಗಾರಿ 1948ರಲ್ಲಿ ಆರಂಭವಾಯಿತು. ಅದಕ್ಕಾಗಿ ಸಾವಿರಾರು ಕುಟುಂಬಗಳು ಮನೆ ತೊರೆಯಬೇಕಾಯಿತು. ಕಾರ್ಖಾನೆಗಳು ಮುಚ್ಚಿದವು, ಅನುಕೂಲಸ್ಥರು ಹೊರವಲಯದ ಬಡಾವಣೆಗಳಿಗೆ ಹೋದರು. 1970ರ ದಶಕದಲ್ಲಿ ದಕ್ಷಿಣ ಬ್ರಾಂಕ್ಸಿನ ಬಾಡಿಗೆ ಕಟ್ಟಡಗಳು ಒಂದರ ಹಿಂದೊಂದು ಬೆಂಕಿಗೆ ತುತ್ತಾದವು. ಅಲ್ಲಿ ಉಳಿದವರಲ್ಲಿ ಹೆಚ್ಚಿನವರು ಬಡ ಕಪ್ಪು ಅಮೆರಿಕನ್ನರು, ಪೋರ್ಟೊರಿಕೊ ಮತ್ತು ಕೆರಿಬಿಯನ್ ದ್ವೀಪಗಳಿಂದ ಬಂದವರು.

1973ರ ಆಗಸ್ಟ್ 11ರಂದು ಸೆಡ್ಜ್‌ವಿಕ್ ಅವೆನ್ಯೂದ 1520ನೆಯ ಸಂಖ್ಯೆಯ ವಸತಿ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ ಏರ್ಪಡಿಸಿದ ಕುಣಿತದ ಕೂಟವನ್ನು ಹಿಪ್‌ಹಾಪ್ ಸಂಸ್ಕೃತಿಯ ಆರಂಭವೆಂದು ಗುರುತಿಸುವುದು ವಾಡಿಕೆ. ಶಾಲೆ ತೆರೆಯುವ ಮುನ್ನ ಹೊಸ ಬಟ್ಟೆಗೆ ಹಣ ಹೊಂದಿಸುವುದು ಆಕೆಯ ಉದ್ದೇಶವಾಗಿತ್ತು. ಕೂಟದಲ್ಲಿ ಹಾಡು ನುಡಿಸಿದವರು ಆಕೆಯ ಅಣ್ಣ, ಜಮೈಕಾದಿಂದ 1967ರಲ್ಲಿ ವಲಸೆ ಬಂದಿದ್ದ, ಮುಂದೆ ಡಿ.ಜೆ. ಕೂಲ್ ಹರ್ಕ್ ಎಂದು ಹೆಸರಾದ ಕ್ಲೈವ್ ಕ್ಯಾಂಪ್‌ಬೆಲ್. ಧ್ವನಿಮುದ್ರಿಕೆಯ ನಡುವೆ ತಾಳವಾದ್ಯವಷ್ಟೇ ಉಳಿಯುವ ತುಣುಕನ್ನು ಎರಡು ರೆಕಾರ್ಡ್ ಪ್ಲೇಯರುಗಳ ನೆರವಿನಿಂದ ಹಿಗ್ಗಿಸುವುದು ಹರ್ಕ್ ರೂಢಿಗೆ ತಂದ ತಂತ್ರ. ಆ ತಾಳದ ಮೇಲೆ ಕುಣಿಯುವವರನ್ನು ಹುರಿದುಂಬಿಸಲು ಆಡಿದ ಪ್ರಾಸದ ಮಾತು ಬೆಳೆದು ರ‍್ಯಾಪ್ ಆಯಿತು. ಬಟ್ಟೆಗೆ ಕಾಸಿಲ್ಲದ ಮನೆಯೂ ನಾಲ್ಕು ಜನರ ಎದುರು ಮಿಂಚಬೇಕೆಂಬ ಆಸೆಯೂ ಈ ಕಲೆಯ ಹುಟ್ಟಿನ ಕಥೆಯಲ್ಲೇ ಜೊತೆಯಾಗಿವೆ.

ಮುಂದಿನ ದಶಕದಲ್ಲಿ ಕ್ರ್ಯಾಕ್ ಎಂಬ ಅಗ್ಗದ ಕೊಕೇನ್ ಈ ಕೇರಿಗಳನ್ನು ಹೊಕ್ಕಿತು. 1986ರ ಕಾನೂನಿನ ಪ್ರಕಾರ 5 ಗ್ರಾಂ ಕ್ರ್ಯಾಕ್ ಮಾರಿದವನಿಗೂ 500 ಗ್ರಾಂ ಕೊಕೇನ್ ಪುಡಿ ಮಾರಿದವನಿಗೂ ಕನಿಷ್ಠ ಶಿಕ್ಷೆ ಒಂದೇ, ಐದು ವರ್ಷ. ಬಡವರ ಮಾದಕ ವಸ್ತುವಿಗೆ ನೂರು ಪಟ್ಟು ತೂಕ ಕಟ್ಟಿದ ಈ ತಾರತಮ್ಯವನ್ನು ತಗ್ಗಿಸಿದ್ದು 2010ರಲ್ಲಿ. ಬೀದಿ, ಜೈಲು, ಗೆಳೆಯನ ಸಾವು, ಒಂಟಿ ತಾಯಿ ಇವೆಲ್ಲ ರ‍್ಯಾಪ್ ಹಾಡಿನ ವಸ್ತುವಾದುದು ಈ ಚರಿತ್ರೆಯಿಂದ. ಆದರೆ ಆ ವಸ್ತುವನ್ನು ಹೇಳುವ ಬಗೆ ಬ್ರಾಂಕ್ಸಿಗಿಂತ ಹಳೆಯದು.

3

ಕಪ್ಪು ಅಮೆರಿಕನ್ನರಲ್ಲಿ ‘ಟೋಸ್ಟ್’ ಎಂಬ ದೀರ್ಘವಾದ ಪ್ರಾಸಬದ್ಧ ಕಥನಗಳ ಪರಂಪರೆಯಿದೆ. ಸಿಂಹವನ್ನು ಮಾತಿನಲ್ಲೇ ಮಣಿಸುವ ಕೋತಿ, ಮುಳುಗುವ ಟೈಟಾನಿಕ್ ಹಡಗಿನಿಂದ ಈಜಿ ಪಾರಾಗುವ ಶೈನ್, ಯಾರಿಗೂ ಅಂಜದ ಸ್ಟ್ಯಾಗೊಲೀ ಅವುಗಳ ನಾಯಕರು. ಸ್ಟ್ಯಾಗೊಲೀಯ ಹಿಂದೆ 1895ರಲ್ಲಿ ಸೇಂಟ್ ಲೂಯಿಸ್ ನಗರದಲ್ಲಿ ನಡೆದ ಒಂದು ನಿಜವಾದ ಕೊಲೆಯಿದೆ. ಅದನ್ನು ಕಂಡವರು ಬೆರಳೆಣಿಕೆಯ ಜನ; ಹಾಡಿದವರು ಸಾವಿರಾರು. ಇದರ ಜೊತೆಗೆ ‘ಡಜನ್ಸ್’ ಎಂಬ ಮೂದಲಿಕೆಯ ಆಟವೂ ಇದೆ. ಇಲ್ಲಿ ಎದುರಾಳಿಯ ತಾಯಿಯನ್ನೂ ಬಿಡದೆ ಹಂಗಿಸುವಾಗ ತಾಳ್ಮೆಗೆಟ್ಟು ಕೈಯೆತ್ತಿದವನೇ ಸೋತವನು.

ಫಿಲಡೆಲ್ಫಿಯಾದ ಒಂದು ಕೇರಿಯಲ್ಲಿ ಇಂಥ ಕಥನಗಳನ್ನು ಸಂಗ್ರಹಿಸಿ 1964ರಲ್ಲಿ ‘ಡೀಪ್ ಡೌನ್ ಇನ್ ದ ಜಂಗಲ್’ ಎಂಬ ಗ್ರಂಥ ಪ್ರಕಟಿಸಿದ ಜಾನಪದ ವಿದ್ವಾಂಸ ರೋಜರ್ ಅಬ್ರಹಾಮ್ಸ್ ಒಂದು ಮುಖ್ಯ ಲಕ್ಷಣವನ್ನು ಗುರುತಿಸಿದರು. ನಾಯಕನ ಕಥೆ ಹೇಳುತ್ತಿರುವವನು ನಡುನಡುವೆ ಕಥೆಯೊಳಗೆ ‘ನಾನು’ ಆಗಿ ನುಸುಳುತ್ತಾನೆ. ನಾಯಕನ ಶೌರ್ಯ ಹೇಳುವವನ ಶೌರ್ಯವಾಗುತ್ತದೆ. ಇದನ್ನು ‘ನುಸುಳುವ ನಾನು’ ಎಂದು ಕರೆಯಬಹುದು. ಮುಂದೆ ಬ್ರೂಸ್ ಜಾಕ್ಸನ್ ಟೆಕ್ಸಾಸಿನ ಜೈಲುಗಳಲ್ಲಿ ಇಂಥವೇ ಪಠ್ಯಗಳನ್ನು ಸಂಗ್ರಹಿಸಿ 1974ರಲ್ಲಿ ಪ್ರಕಟಿಸಿದರು. ಹೊರಗೆ ಯಾವ ಅಧಿಕಾರವೂ ಇಲ್ಲದವರು ಮಾತಿನೊಳಗೆ ಎಲ್ಲ ಅಧಿಕಾರವನ್ನೂ ಪಡೆಯುವ ಈ ಬಗೆಯೇ ರ‍್ಯಾಪ್ ಹಾಡಿನ ಬಡಾಯಿಗೆ ಮೂಲ.

ಕನ್ನಡದ ವಿದ್ವಾಂಸರಿಗೆ ಇದು ಅಪರಿಚಿತವಾಗಬೇಕಾಗಿಲ್ಲ. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಮೇಳಗಳ ಸವಾಲು-ಜವಾಬಿನಲ್ಲಿ ಒಂದು ಮೇಳ ಗಂಡು ಹೆಚ್ಚೆಂದೂ ಇನ್ನೊಂದು ಹೆಣ್ಣು ಹೆಚ್ಚೆಂದೂ ರಾತ್ರಿಯಿಡೀ ವಾದಿಸುತ್ತದೆ. ಅಲ್ಲಿ ಆಡಿದ ಬಿರುಸಿನ ಮಾತನ್ನು ಗಾಯಕರ ಸ್ವಂತ ಹೇಳಿಕೆಯೆಂದು ಬರೆದಿಟ್ಟುಕೊಳ್ಳುವ ಕೇಳುಗರಿಲ್ಲ. ಈ ಎರಡು ಪರಂಪರೆಗಳಿಗೆ ಚಾರಿತ್ರಿಕ ಸಂಬಂಧವೇನೂ ಇಲ್ಲ; ಒಂದರ ಹಿಂದೆ ಗುಲಾಮಗಿರಿಯ ಇತಿಹಾಸವಿದೆ, ಇನ್ನೊಂದರ ಹಿಂದೆ ಶಿವ-ಶಕ್ತಿಯರ ತಾತ್ವಿಕ ವಾಗ್ವಾದವಿದೆ. ಆದರೂ ಪ್ರದರ್ಶನದ ‘ನಾನು’ ದಿನಬಳಕೆಯ ‘ನಾನು’ ಅಲ್ಲ ಎಂಬ ತಿಳಿವು ಎರಡೂ ಕಡೆಯ ಕೇಳುಗರಿಗೆ ಸಹಜವಾಗಿ ಬಂದುದು.

4

ಈ ಹಿನ್ನೆಲೆಯಲ್ಲಿ ಮೂರು ಹಾಡುಗಳನ್ನು ಗಮನಿಸಬಹುದು.

ಮೊದಲನೆಯದು ಷುಗರ್‌ಹಿಲ್ ಗ್ಯಾಂಗ್ ತಂಡದ ‘ರ‍್ಯಾಪರ್ಸ್ ಡಿಲೈಟ್’ (1979). ರ‍್ಯಾಪ್ ಬ್ರಾಂಕ್ಸಿನ ಆಚೆಗೆ ಮನೆಮನೆ ತಲುಪಿದ್ದು ಈ ಧ್ವನಿಮುದ್ರಿಕೆಯಿಂದ. ಇದರಲ್ಲಿ ಹಾಡಿದ ಬಿಗ್ ಬ್ಯಾಂಕ್ ಹ್ಯಾಂಕ್ ತಮ್ಮ ಸಾಲುಗಳನ್ನು ಬ್ರಾಂಕ್ಸಿನ ಗ್ರ್ಯಾಂಡ್‌ಮಾಸ್ಟರ್ ಕ್ಯಾಝ್ ಅವರಿಂದ ಪಡೆದಿದ್ದರು; ಎಷ್ಟರಮಟ್ಟಿಗೆಂದರೆ ಕ್ಯಾಝ್ ತಮ್ಮ ಬಿರುದನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಹೇಳಿಕೊಂಡ ಸಾಲೂ ಹಾಗೆಯೇ ಉಳಿಯಿತು. ರ‍್ಯಾಪಿನ ಮೊದಲ ದೊಡ್ಡ ಗೆಲುವಿನಲ್ಲಿ ಒಬ್ಬರು ಇನ್ನೊಬ್ಬರ ಹೆಸರನ್ನು ತನ್ನದೆಂದು ಹೇಳುತ್ತಿದ್ದಾರೆ. ಕೂಟದಲ್ಲಿ ಇದು ಪರಂಪರೆಯ ಸಾಲು-ಕೊಡುಗೆ ಎನಿಸಿಕೊಳ್ಳುತ್ತಿತ್ತು. ಮಾರುಕಟ್ಟೆಯಲ್ಲಿ ಅದು ಅನ್ಯಾಯವಾಯಿತು, ಏಕೆಂದರೆ ಹೆಸರೂ ಹಣವೂ ಕ್ಯಾಝ್ ಅವರಿಗೆ ದೊರೆಯಲಿಲ್ಲ.

ಎರಡನೆಯದು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಅಂಡ್ ದ ಫ್ಯೂರಿಯಸ್ ಫೈವ್ ಹೆಸರಿನಲ್ಲಿ ಬಂದ ‘ದ ಮೆಸೇಜ್’ (1982). ಕೊಳಕು ಕಟ್ಟಡ, ಸಾಲಗಾರರ ಕಾಟ, ದಾರಿಗಾಣದ ಯುವಕ ಇವುಗಳನ್ನು ಒಳಗಿನವನ ದನಿಯಲ್ಲಿ ಹೇಳುವ ಈ ಹಾಡು ಬ್ರಾಂಕ್ಸಿನ ಸಾಕ್ಷಿನುಡಿಯೆಂದೇ ಪ್ರಸಿದ್ಧ. ಇದರ ಬಹುಭಾಗವನ್ನು ಬರೆದವರು ಪಕ್ಕದ ನ್ಯೂಜೆರ್ಸಿ ರಾಜ್ಯದ ಎಲಿಜಬೆತ್ ಊರಿನ ಸ್ಟುಡಿಯೊ ವಾದ್ಯಗಾರ ಎಡ್ ಫ್ಲೆಚರ್. ಮೆಲಿ ಮೆಲ್ ಹಾಡುವ ಕೊನೆಯ ಭಾಗ ತಂಡದ 1979ರ ಇನ್ನೊಂದು ಹಾಡಿನಲ್ಲಿ ಆಗಲೇ ಬಂದಿತ್ತು. ಒಮ್ಮೆ ಕಟ್ಟಿದ ಭಾಗವನ್ನು ಹೊಸ ಸಂದರ್ಭಕ್ಕೆ ಜೋಡಿಸುವುದು ಮೌಖಿಕ ಕವಿಗಳ ಎಂದಿನ ಕ್ರಮ. ಇಷ್ಟಾದ ಮಾತ್ರಕ್ಕೆ ಹಾಡಿನ ಸತ್ಯ ಕುಂದುವುದಿಲ್ಲ. ಬ್ರಾಂಕ್ಸಿನ ಕೇಳುಗರು ಅದನ್ನು ತಮ್ಮದೆಂದು ಒಪ್ಪಿದರು. ಅವರ ಒಪ್ಪಿಗೆಯೇ ಅದರ ಪ್ರಮಾಣ.

ಮೂರನೆಯದು ನೊಟೋರಿಯಸ್ ಬಿ.ಐ.ಜಿ. ಎಂದು ಹೆಸರಾದ ಕ್ರಿಸ್ಟೊಫರ್ ವ್ಯಾಲೇಸ್ ಅವರ ‘ಜ್ಯೂಸಿ’ (1994). ಗೆಲುವಿನ ಕಥನಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಮಾದರಿ ಸಿಗುವುದು ಕಷ್ಟ. ಅಂದು ಹಸಿವು, ಇಂದು ಹಬ್ಬದೂಟ. ಅಂದು ಕಿಷ್ಕಿಂಧೆಯಂಥ ಮನೆ, ಇಂದು ವೈಭವ. ಅಂದು ಹಳಿದವರು, ಇಂದು ಹೊಗಳುವವರು: ಹೀಗೆ ‘ಅಂದು-ಇಂದು’ಗಳ ಜೋಡಿಸಾಲು ಹಾಡಿನುದ್ದಕ್ಕೂ ಸಾಗುತ್ತದೆ. ಬ್ರೂಕ್ಲಿನ್ನಿನ ಬೀದಿಯಲ್ಲಿ ವ್ಯಾಲೇಸ್ ಮಾದಕ ವಸ್ತು ಮಾರಿದ್ದು ನಿಜ. ಆದರೆ ಶಾಲಾ ಶಿಕ್ಷಕಿಯಾಗಿ ಮಗನನ್ನು ಸಾಕಿದ ಅವರ ತಾಯಿ, ಹಾಡು ಬಣ್ಣಿಸುವಂಥ ಬಡತನ ತಮ್ಮ ಮನೆಯಲ್ಲಿ ಇರಲಿಲ್ಲವೆಂದು ಮುಂದೆ ಹೇಳಿದರು. ಇಬ್ಬರಲ್ಲಿ ಸುಳ್ಳಾಡಿದವರು ಯಾರು ಎಂದು ಕೇಳುವುದು ಪ್ರಶ್ನೆಯನ್ನೇ ತಪ್ಪಾಗಿ ಕೇಳಿದಂತೆ. ತಾಯಿ ಹೇಳಿದ್ದು ಒಂದು ಮನೆಯ ಸತ್ಯ. ಮಗ ಹಾಡಿದ್ದು ಕೇರಿಯ ಸತ್ಯ. ಕೇರಿಯ ಹಸಿವನ್ನು ತನ್ನ ಮೈಮೇಲೆ ಹಾಕಿಕೊಂಡಾಗಲೇ ಗೆಲುವನ್ನೂ ಕೇರಿಯ ಪಾಲಿಗೆ ಹಂಚಲು ಹಾಡಿಗೆ ಸಾಧ್ಯವಾಗುತ್ತದೆ. 1997ರ ಮಾರ್ಚ್ 9ರಂದು ಲಾಸ್ ಏಂಜಲೀಸ್‌ನಲ್ಲಿ ಗುಂಡೇಟಿಗೆ ಬಲಿಯಾದಾಗ ವ್ಯಾಲೇಸ್ ಅವರಿಗೆ 24 ವರ್ಷ. ಆ ಸಾವನ್ನು ಹಾಡಿನ ಸೂತ್ರವೆಂದು ಪಕ್ಕಕ್ಕಿಡಲು ಬರುವುದಿಲ್ಲ. ಬವಣೆ ಮೈಗೂ ತಟ್ಟುವಂಥದ್ದೆಂಬುದನ್ನು ಅದು ನೆನಪಿಸುತ್ತದೆ.

5

ಗೆಲುವಿನ ಕಥನದ ಒಳಬಿರುಕು ಹೆಣ್ಣಿನ ಪ್ರಶ್ನೆ ಬಂದಾಗ ಕಾಣುತ್ತದೆ. ಟೋಸ್ಟ್‌ಗಳ ‘ನಾನು’ ಗಂಡಸು. ಹೆಣ್ಣು ಅಲ್ಲಿ ಗೆದ್ದುಕೊಳ್ಳುವ ವಸ್ತು. ತಾಯಿ ಮಾತ್ರ ಇದಕ್ಕೆ ಹೊರತು. ಟೂಪಾಕ್ ಶಕೂರ್ ಅವರ ‘ಡಿಯರ್ ಮಾಮಾ’ (1995) ವ್ಯಸನಕ್ಕೆ ಸಿಲುಕಿದ್ದ ತಾಯಿಯನ್ನು ದೂರದೆ, ಮರೆಮಾಚದೆ ನೆನೆಯುತ್ತದೆ. ಆದರೆ ಹೆಣ್ಣು ತಾನೇ ‘ನಾನು’ ಎಂದು ನಿಂತ ಬಗೆ ಬೇರೆ. 1984ರಲ್ಲಿ ಯು.ಟಿ.ಎಫ್.ಒ. ತಂಡವು ರೊಕ್ಸಾನ್ ಎಂಬ ಹುಡುಗಿಯನ್ನು ಹಂಗಿಸಿ ಹಾಡಿತು. ಕ್ವೀನ್ಸ್‌ಬ್ರಿಜ್ ವಸತಿ ಸಮುಚ್ಚಯದ 14 ವರ್ಷದ ಬಾಲೆಯೊಬ್ಬಳು ತಾನೇ ಆ ರೊಕ್ಸಾನ್ ಎಂದು ‘ರೊಕ್ಸಾನ್ಸ್ ರಿವೆಂಜ್’ ಹಾಡಿನಲ್ಲಿ ಮಾರುತ್ತರ ಕೊಟ್ಟಳು. ರೊಕ್ಸಾನ್ ಶಾಂಟೆ ಎಂದು ಮುಂದೆ ಪ್ರಸಿದ್ಧಳಾದ ಈಕೆ ಗಂಡಸರ ಹಾಡಿನ ಪಾತ್ರವನ್ನೇ ಕಿತ್ತುಕೊಂಡು ತನ್ನ ಹೆಸರಾಗಿಸಿಕೊಂಡಳು. ನಾಗೇಶಿಯ ಜವಾಬನ್ನು ಬಲ್ಲವರಿಗೆ ಈ ನಡೆ ಕೂಡಲೇ ಅರ್ಥವಾಗುತ್ತದೆ.

ಇನ್ನೊಂದು ಬಿರುಕು ಗೆಲುವಿನೊಳಗೇ ಇದೆ. ಗಾಯಕನ ಮಾತಿಗೆ ಬೆಲೆ ಬರುವುದು ಕೇರಿಯಿಂದ. ಗೆಲುವು ಅವನನ್ನು ಕೇರಿಯಿಂದ ದೂರ ಒಯ್ಯುತ್ತದೆ. ಬ್ರೂಕ್ಲಿನ್ನಿನ ಮಾರ್ಸಿ ವಸತಿ ಸಮುಚ್ಚಯದಲ್ಲಿ ಬೆಳೆದ ಜೇ-ಝಿ ಶತಕೋಟಿ ಡಾಲರುಗಳ ಒಡೆಯರೆಂದು ಫೋರ್ಬ್ಸ್ ಪತ್ರಿಕೆ 2019ರಲ್ಲಿ ಬರೆಯಿತು. ಒಬ್ಬರು ಏರಿದ ಆ ಎತ್ತರ ಕೇರಿಯನ್ನು ಮೇಲೆತ್ತಿತೇ ಎಂಬ ಪ್ರಶ್ನೆ ಉಳಿಯುತ್ತದೆ. ಕಾಂಪ್ಟನ್ನಿನ ಕೆಂಡ್ರಿಕ್ ಲಮಾರ್ ‘ಟು ಪಿಂಪ್ ಎ ಬಟರ್‌ಫ್ಲೈ’ (2015) ಸಂಕಲನದಲ್ಲಿ ಈ ಪ್ರಶ್ನೆಯನ್ನು ತಮಗೇ ಹಾಕಿಕೊಂಡರು. ಅಲ್ಲಿ ‘ನೀನು’ ಎಂಬರ್ಥದ ಒಂದು ಹಾಡು, ‘ನಾನು’ ಎಂಬರ್ಥದ ಇನ್ನೊಂದು ಹಾಡು ಇವೆ. ಮೊದಲನೆಯದರಲ್ಲಿ ಗೆದ್ದ ಗಾಯಕ ಹೋಟೆಲಿನ ಕೋಣೆಯಲ್ಲಿ ಒಂಟಿಯಾಗಿ ಕುಳಿತು, ತನ್ನವರನ್ನು ಬಿಟ್ಟುಬಂದುದಕ್ಕೆ ತನ್ನನ್ನೇ ‘ನೀನು’ ಎಂದು ಕರೆದು ನಿಂದಿಸುತ್ತಾನೆ. ಎರಡನೆಯದು ಸಭೆಯ ನಡುವಿನ ಪ್ರದರ್ಶನದಂತಿದೆ. ಕೇಳುಗರಲ್ಲಿ ಜಗಳವೆದ್ದಾಗ ಹಾಡು ನಿಂತು, ಗಾಯಕ ತನ್ನ ಜನರೊಡನೆ ಮಾತಿಗಿಳಿಯುತ್ತಾನೆ. ‘ನಾನು’ ಎಂಬುದು ಕೊನೆಗೂ ‘ನಾವು’ ಆಗದೆ ಪೂರ್ಣವಾಗದು ಎಂಬ ಅರಿವು ಇಲ್ಲಿದೆ. ಲಮಾರ್ ತಮ್ಮ ಮುಂದಿನ ಸಂಕಲನಕ್ಕೆ 2018ರಲ್ಲಿ ಪುಲಿಟ್ಜರ್ ಪ್ರಶಸ್ತಿ ಪಡೆದರು.

6

ಈ ಚರ್ಚೆ ವಿದ್ವತ್ತಿನ ಆವರಣದೊಳಗೆ ಮುಗಿಯುವಂಥದ್ದಲ್ಲ. ನ್ಯೂಜೆರ್ಸಿಯ ಒಂದು ಕೊಲೆಯತ್ನದ ಮೊಕದ್ದಮೆಯಲ್ಲಿ ಆರೋಪಿ ಬರೆದಿಟ್ಟಿದ್ದ ರ‍್ಯಾಪ್ ಸಾಲುಗಳ 13 ಪುಟಗಳನ್ನು ಜ್ಯೂರಿಯ ಮುಂದೆ ಓದಲಾಯಿತು. ಅವುಗಳಲ್ಲಿ ಹಲವು ಘಟನೆಗೆ ವರ್ಷಗಳ ಹಿಂದೆ ಬರೆದವು. ಆ ರಾಜ್ಯದ ಸುಪ್ರೀಂ ಕೋರ್ಟು 2014ರಲ್ಲಿ ಇದನ್ನು ತಪ್ಪೆಂದು ತೀರ್ಮಾನಿಸಿತು. ಬಾಬ್ ಮಾರ್ಲಿ ಹಾಡಿನಲ್ಲಿ ಷರೀಫನನ್ನು ಕೊಂದೆನೆಂದ ಮಾತ್ರಕ್ಕೆ ಯಾರೂ ಅದನ್ನು ನಿಜವೆಂದು ಭಾವಿಸುವುದಿಲ್ಲ ಎಂಬ ನಿದರ್ಶನವನ್ನೂ ನೀಡಿತು. ಆದರೂ 2023ರ ನವೆಂಬರಿನಲ್ಲಿ ಅಟ್ಲಾಂಟಾದ ಪ್ರಸಿದ್ಧ ಕಲಾವಿದರೊಬ್ಬರ ವಿಚಾರಣೆಯಲ್ಲಿ ಹಾಡಿನ ಸಾಲುಗಳನ್ನು ಸಾಕ್ಷ್ಯವಾಗಿ ಬಳಸಲು ಷರತ್ತಿನ ಅನುಮತಿ ದೊರೆಯಿತು.

ಇದರಲ್ಲಿ ಕಲಾವಿದರ ಪಾಲೂ ಇಲ್ಲದಿಲ್ಲ. ‘ಬಾಳಿದ್ದನ್ನೇ ಹಾಡುತ್ತೇನೆ’ ಎಂಬ ಘೋಷಣೆಯನ್ನು ಅವರೇ ಮಾಡಿದರು, ಕಂಪನಿಗಳು ಅದನ್ನೇ ಮಾರಿದವು. ಮಾರುಕಟ್ಟೆಯಲ್ಲಿ ಬೆಲೆ ತಂದುಕೊಟ್ಟ ‘ನಿಜ’ವೇ ಕಟಕಟೆಯಲ್ಲಿ ಕೊರಳಿಗೆ ಬಂತು. ಆದರೆ ಬಡಾಯಿಯೂ ಬೆದರಿಕೆಯೂ ಪ್ರಕಾರದ ನಿಯಮವಾಗಿರುವಾಗ ‘ಇದು ನಿಜ’ ಎಂಬ ಘೋಷಣೆಯೂ ಆ ನಿಯಮಗಳಲ್ಲೊಂದು ಎಂಬುದನ್ನು ಮರೆಯಲಾಗದು. 2022ರಲ್ಲಿ ಅಂಗೀಕೃತವಾದ ಕ್ಯಾಲಿಫೋರ್ನಿಯಾದ ಕಾನೂನು ಇಂಥ ಅಭಿವ್ಯಕ್ತಿಯನ್ನು ಸಾಕ್ಷ್ಯವಾಗಿ ಒಪ್ಪುವ ಮುನ್ನ ಅದರ ಸಾಂಸ್ಕೃತಿಕ ಸಂದರ್ಭ, ರೂಢಿ ಹಾಗೂ ಕಲಾತಂತ್ರಗಳ ಬಗ್ಗೆ ಬಲ್ಲವರ ಹೇಳಿಕೆಯನ್ನು ಪರಿಗಣಿಸಲು ಅವಕಾಶ ಕಲ್ಪಿಸಿದೆ. ಅಬ್ರಹಾಮ್ಸ್ ಫಿಲಡೆಲ್ಫಿಯಾದ ಕೇರಿಯಲ್ಲಿ ಗುರುತಿಸಿದ ‘ನುಸುಳುವ ನಾನು’ ಈಗ ಒಬ್ಬ ಯುವಕನ ಬಿಡುಗಡೆ ಅಥವಾ ಬಂಧನದ ಪ್ರಶ್ನೆಯಾಗಿದೆ.

ರ‍್ಯಾಪ್ ಹಾಡಿನಲ್ಲಿ ಬವಣೆ ಇದೆ, ಗೆಲುವಿನ ಹಂಬಲವೂ ಇದೆ. ಅವೆರಡೂ ಯಾರವು ಎಂಬ ಪ್ರಶ್ನೆಗೆ ಗಾಯಕನ ಜಾತಕದಲ್ಲಿ ಉತ್ತರ ಹುಡುಕುವುದು ಸಾಲದು. ಹಾಡಿದವನ ಹಿಂದೆ ನಿಂತ ಕೇರಿಯನ್ನೂ ಆ ಕೇರಿಯ ಹಿಂದೆ ನಿಂತ ಹಾಡುಗಾರರ ಸಾಲನ್ನೂ ಕೇಳಬೇಕು. ಜಾನಪದ ಅಧ್ಯಯನ ಕಲಿಸಿದ ಈ ಪಾಠ ಹಳ್ಳಿಯ ಕಟ್ಟೆಗೆ ಎಷ್ಟು ಸಲ್ಲುತ್ತದೆಯೋ ಮಹಾನಗರದ ಸುಟ್ಟ ಬೀದಿಗೂ ಅಷ್ಟೇ ಸಲ್ಲುತ್ತದೆ.