ಮನೆ ನಂದು, ನೆಲ ನಮ್ದು

ಊರಿಂದ ಅಪ್ಪ ಫೋನ್ ಮಾಡಿದಾಗಲೆಲ್ಲ ಕೊನೆಗೆ ಕೇಳೋದು ಒಂದೇ ಪ್ರಶ್ನೆ. "ಸೈಟು ಏನಾಯ್ತಪ್ಪ?" ಹನ್ನೆರಡು ವರ್ಷದಿಂದ ಬೆಂಗಳೂರಲ್ಲಿ ಬಾಡಿಗೆ ಮನೇಲಿರೋ ಮಗ ಅವರ ಲೆಕ್ಕದಲ್ಲಿ ಇನ್ನೂ ಬಸ್ ಸ್ಟ್ಯಾಂಡಲ್ಲೇ ಕೂತಿದಾನೆ. ಕಳೆದ ಭಾನುವಾರ ಅಂಥದ್ದೇ ಒಂದು ಫೋನ್ ಮುಗಿಸಿ ನೋಡಿದ್ದು 'ಹೋಲ್ಡಿಂಗ್ ಗ್ರೌಂಡ್' ಅನ್ನೋ ಸಾಕ್ಷ್ಯಚಿತ್ರ. ಲಿಯಾ ಮಹಾನ್ ಮತ್ತು ಮಾರ್ಕ್ ಲಿಪ್ಮನ್ 1996ರಲ್ಲಿ ಮಾಡಿದ್ದು, ಸುಮಾರು ಒಂದು ಗಂಟೆಯದು.

ಕಥೆ ನಡೆಯೋದು ಬಾಸ್ಟನ್ ನಗರದ ರಾಕ್ಸ್‌ಬರಿಯಲ್ಲಿ, ಡಡ್ಲಿ ಸ್ಟ್ರೀಟ್ ಸುತ್ತಮುತ್ತ. ಕಪ್ಪು ಜನ, ಕೇಪ್ ವರ್ಡ್ ದ್ವೀಪಗಳಿಂದ ಬಂದವರು, ಲ್ಯಾಟಿನೋಗಳು, ಬಿಟ್ಟು ಹೋಗದೆ ಉಳಿದ ಕೆಲವು ಬಿಳಿಯರು ಇರೋ ಜಾಗ. ಬ್ಯಾಂಕುಗಳು ಇಲ್ಲಿಗೆ ಸಾಲ ಕೊಡೋದು ನಿಲ್ಲಿಸಿದವು. ಇನ್ಶೂರೆನ್ಸ್ ದುಡ್ಡಿಗಾಗಿ ಕಟ್ಟಡಗಳಿಗೆ ಬೆಂಕಿ ಬಿತ್ತು. 1980ರ ದಶಕದ ಹೊತ್ತಿಗೆ 1,300ರಷ್ಟು ಜಾಗಗಳು ಖಾಲಿ ಬಿದ್ದಿದ್ದವು. ಅಲ್ಲಿಗೆ ಬರ್ತಿದ್ದದ್ದು ಬೇರೆಯವರ ಕಸ ಮಾತ್ರ.

ಉದ್ಧಾರ ಮಾಡೋಕೆ ದಾನಿಗಳ ಸಂಸ್ಥೆಯೊಂದು ಯೋಜನೆ ಹಿಡ್ಕೊಂಡು ಬಂತು. ಸಭೆಯಲ್ಲಿ ಜನ ಕೇಳಿದ್ದು ಇಷ್ಟೇ: ಈ ಯೋಜನೆ ಮಾಡಿದವರಲ್ಲಿ ಎಷ್ಟು ಜನ ಇಲ್ಲಿ ವಾಸ ಇದೀರಿ? ಆ ಪ್ರಶ್ನೆಯಿಂದ ಸಂಸ್ಥೆಯ ಸ್ವರೂಪವೇ ಬದಲಾಗಿ, ಆಡಳಿತ ಮಂಡಳಿಯಲ್ಲಿ ನಿವಾಸಿಗಳದೇ ಬಹುಮತ ಆಯ್ತು. ಅವರ ಗುರಿ ಒಕ್ಕಲೆಬ್ಬಿಸದ ಅಭಿವೃದ್ಧಿ. 1988ರಲ್ಲಿ ನಗರಾಡಳಿತ ಇವರಿಗೆ ಖಾಲಿ ಜಾಗಗಳ ಭೂಸ್ವಾಧೀನದ ಅಧಿಕಾರವನ್ನೇ ಕೊಟ್ಟುಬಿಡ್ತು. ನಮ್ಮ ಕಡೆ ಭೂಸ್ವಾಧೀನ ಅಂದ್ರೆ ಮನೆಬಾಗಿಲಿಗೆ ಬರೋ ನೋಟಿಸು. ಅದೇ ಅಸ್ತ್ರ ನೋಟಿಸು ತಗೊಳ್ಳೋರ ಕೈಗೆ ಸಿಕ್ಕರೆ ಹೇಗಿರುತ್ತೆ ಅಂತ ನೋಡೋಕಾದರೂ ಈ ಚಿತ್ರ ನೋಡಬೇಕು. ಬೀದಿಯ ಜನ ತಮ್ಮ ಕಥೆ ತಾವೇ ಹೇಳ್ತಾರೆ, ಅದೇ ಇದರ ಶಕ್ತಿ.

ಆದರೆ ನನ್ನ ತಕರಾರು ಇರೋದೂ ಇಲ್ಲೇ. ಚಿತ್ರದ ಶತ್ರುಗಳೆಲ್ಲ ಹೊರಗಿನವರು: ಕಸ ಸುರಿಯೋರು, ಬ್ಯಾಂಕಿನವರು, ಅಧಿಕಾರಿಗಳು. ಹೊಸ ಮನೆ ಎದ್ದು ನಿಂತಾಗ ಗೆದ್ದೆವು ಅನ್ನಿಸುತ್ತೆ. ಆದ್ರೆ ಈ ಜನ ಮಾಡಿದ ಅತಿ ಕಷ್ಟದ ಕೆಲಸ ಮೆರವಣಿಗೆಯಲ್ಲ, ಕರಾರು. ಸ್ವಾಧೀನ ಮಾಡಿದ ನೆಲ ಸಮುದಾಯದ ಭೂ ಟ್ರಸ್ಟಿನ ಹೆಸರಲ್ಲೇ ಉಳಿಯುತ್ತೆ. ಮನೆ ಕೊಂಡವರಿಗೆ ಗೋಡೆ, ಸೂರು ಸ್ವಂತ. ನೆಲ 99 ವರ್ಷದ ಲೀಸು. ಮಾರಬಹುದು, ಆದ್ರೆ ಮೊದಲೇ ಒಪ್ಪಿದ ಸೂತ್ರದ ಬೆಲೆಗೆ, ಮುಂದಿನ ಸಾಮಾನ್ಯ ಆದಾಯದ ಕುಟುಂಬಕ್ಕೂ ಕೈಗೆಟುಕೋ ಹಾಗೆ. ಅಂದ್ರೆ ಇದು ಬಿಲ್ಡರ್‌ಗೆ ಮಾತ್ರ ಹಾಕಿದ ಬೇಲಿ ಅಲ್ಲ, ತಮ್ಮ ಆಸೆಗೆ ತಾವೇ ಹಾಕ್ಕೊಂಡ ಬೇಲಿ. ಪಕ್ಕದ ಬೀದಿಯವನ ಮನೆ ಮೂರು ಪಟ್ಟಿಗೆ ಹೋದಾಗ ಹೊಟ್ಟೆ ಉರಿಯೋಲ್ವಾ? ಈ ಪ್ರಶ್ನೆಯನ್ನ ಚಿತ್ರ ಒತ್ತಿ ಕೇಳೋದಿಲ್ಲ. 1996ರಲ್ಲಿ ಮನೆಗಳೇ ಹೊಸದು, ಮಾರೋ ಮಾತು ದೂರ ಇತ್ತು ಅನ್ನೋದು ಅದರ ಪರ ಹೇಳಬಹುದಾದ ಮಾತು.

ಉತ್ತರ ಆಮೇಲೆ ಬಂತು. 2008ರ ಕುಸಿತದಲ್ಲಿ ಸುತ್ತಲಿನ ಬೀದಿಗಳ ಮನೆಗಳು ಬ್ಯಾಂಕಿನ ಪಾಲಾಗ್ತಿದ್ದಾಗ ಟ್ರಸ್ಟಿನ ಮನೆಗಳು ಬಹುತೇಕ ಉಳಿದುಕೊಂಡವು. ಬೆಲೆ ಏರಿದಾಗ ಲಾಭ ಬಿಟ್ಟುಕೊಟ್ಟ ಕರಾರೇ ಬೆಲೆ ಬಿದ್ದಾಗ ಕಾಯ್ತು. ಇದೇ ಜೋಡಿ 2013ರಲ್ಲಿ ಮಾಡಿದ 'ಗೇನಿಂಗ್ ಗ್ರೌಂಡ್' ಆ ಕಾಲದ ಡಡ್ಲಿಯದು. ಎರಡನ್ನೂ ಒಟ್ಟಿಗೇ ನೋಡಿ.

ಇದರ ಬೇರು ಹುಡುಕ್ತಾ ಹೋದ್ರೆ ಅಚ್ಚರಿ ಆಗುತ್ತೆ. ಅಮೆರಿಕದ ಮೊದಲ ಭೂ ಟ್ರಸ್ಟ್ 1969ರಲ್ಲಿ ಜಾರ್ಜಿಯಾದ ಕಪ್ಪು ರೈತರಿಗಾಗಿ ಶುರುವಾದ 'ನ್ಯೂ ಕಮ್ಯುನಿಟೀಸ್'. ಅದನ್ನ ಕಟ್ಟಿದವರಲ್ಲಿ ಒಬ್ಬರಾದ ರಾಬರ್ಟ್ ಸ್ವಾನ್‌ಗೆ ಸ್ಫೂರ್ತಿ ಕೊಟ್ಟಿದ್ದರಲ್ಲಿ ವಿನೋಬಾ ಭಾವೆಯವರ ಗ್ರಾಮದಾನವೂ ಒಂದು. ಆ ಗ್ರಾಮದಾನದ ಬಗ್ಗೆ ಮಾತಾಡೋಕೆ ನೆಹರೂ ಸೇರಿದಂತೆ ದೊಡ್ಡ ನಾಯಕರೆಲ್ಲ 1957ರ ಸೆಪ್ಟೆಂಬರಲ್ಲಿ ಸೇರಿದ್ದು ಎಲ್ಲಿ ಗೊತ್ತಾ? ನಮ್ಮ ಮೈಸೂರಿನ ಪಕ್ಕದ ಇಲವಾಲದಲ್ಲಿ. ಈಗ ಆ ಹುಣಸೂರು ರಸ್ತೆಯಲ್ಲಿ ಹೋದ್ರೆ ಕಾಣೋದು ಲೇಔಟ್ ಬೋರ್ಡುಗಳು.

ರಾತ್ರಿ ಅಪ್ಪನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಕೇಳಿಸ್ಕೊಂಡು, "ನೆಲ ನಿಂದಲ್ಲ ಅಂದ್ರೆ ಬಾಡಿಗೆ ಮನೆಗೂ ಅದಕ್ಕೂ ಏನ್ಲಾ ವ್ಯತ್ಯಾಸ?" ಅಂದ್ರು. ಖಾಲಿ ಮಾಡು ಅಂತ ಯಾರೂ ಹೇಳಂಗಿಲ್ಲಪ್ಪ, ಮಕ್ಕಳಿಗೂ ಬರುತ್ತೆ, ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ನೀನು ಸೈನ್ ಹಾಕ್ತೀಯಾ?" ಅಂತ ಕೇಳಿದ್ರು.

ಚಿತ್ರ ಕೇಳದೆ ಬಿಟ್ಟ ಪ್ರಶ್ನೆ ಅದು. ನನಗೂ ತಕ್ಷಣ 'ಹೂಂ' ಅನ್ನೋಕಾಗಲಿಲ್ಲ.