ದಾನದ ಖಾತೆಯಲ್ಲಿಲ್ಲದ ತೋಳು

ವಿಮರ್ಶೆಯ ಪುಟದಲ್ಲಿ ಸೂಜಿಮದ್ದಿನ ಮಾತೇಕೆ ಎಂದು ಕೆಲವರು ಕೇಳಬಹುದು. ಕವಿತೆಯನ್ನು ಮಾತ್ರ ಓದಬೇಕು, ಭಿತ್ತಿಪತ್ರವನ್ನು ಓದಬಾರದು ಎಂದು ಯಾವ ಶಾಸ್ತ್ರ ಹೇಳಿದೆ? ನಮ್ಮ ಕೇರಿಗೆ ಪುಸ್ತಕಕ್ಕಿಂತ ಮುಂಚೆ ಬಂದದ್ದು ಗೋಡೆ ಮೇಲಿನ ಚಿತ್ರ. ಅದರಲ್ಲಿ ಒಂದು ಕೂಸು ಬಾಯಿ ತೆರೆದಿದೆ. ಮೇಲಿನಿಂದ ಒಂದು ಕೈ ಎರಡು ಹನಿ ಬಿಡುತ್ತಿದೆ. ಕೊಟ್ಟವರ ಹೆಸರು, ಲಾಂಛನ ದೊಡ್ಡದಾಗಿವೆ. ಕೂಸಿಗೆ ಹೆಸರಿಲ್ಲ. ಹೆತ್ತವ್ವ ಚೌಕಟ್ಟಿನ ಆಚೆ. ಮೇಲಿನಿಂದ ಹೊಯ್ದ ನೀರಿಗೆ ಬೊಗಸೆ ಒಡ್ಡಿ ನಿಂತ ಅಜ್ಜಂದಿರ ಮೊಮ್ಮಕ್ಕಳು ನಾವು. ನಮ್ಮ ಕಣ್ಣಿಗೆ ಆ ಕೈ ಬೇರೆಯಾಗಿಯೇ ಕಾಣುತ್ತದೆ.

ಮೊದಲೇ ಹೇಳಿಬಿಡುತ್ತೇವೆ: ಹನಿ ಬೇಡ ಎನ್ನುವವರು ನಾವಲ್ಲ. 1995ರಲ್ಲಿ ದೇಶದಲ್ಲಿ ಪಲ್ಸ್ ಪೋಲಿಯೋ ಶುರುವಾದ ಮೇಲೆ ಹುಟ್ಟಿದವರು ನಾವು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಯ ಬಸ್‌ಸ್ಟ್ಯಾಂಡುಗಳಲ್ಲಿ, ಅಂಗನವಾಡಿಗಳಲ್ಲಿ ಅವ್ವನ ಸೊಂಟದ ಮೇಲೆ ಕುಂತು ಹನಿ ಕುಡಿದವರು. ಕಿರುಬೆರಳಿಗೆ ಹಚ್ಚಿದ ಗುರುತೇ ನಮ್ಮ ಕೈಗೆ ಹತ್ತಿದ ಮೊದಲ ಮಸಿ. ಪೆನ್ನಿನ ಮಸಿ ಆಮೇಲೆ ಬಂತು. 1985ರಲ್ಲಿ ರೋಟರಿ ಸಂಸ್ಥೆ ಪೋಲಿಯೋ ಪ್ಲಸ್ ಎಂಬ ಹೆಸರಿನಲ್ಲಿ 12 ಕೋಟಿ ಡಾಲರ್ ಕೂಡಿಸಲು ಹೊರಟಿತು. 1988ರ ಹೊತ್ತಿಗೆ ಕೂಡಿದ್ದು 24 ಕೋಟಿ 70 ಲಕ್ಷ. 2011ರ ಜನವರಿಯಲ್ಲಿ ಹೌರಾದ ಒಂದು ಮಗು ಭಾರತದ ಕೊನೆಯ ಪೋಲಿಯೋ ಪ್ರಕರಣವಾಯಿತು. 2014ರ ಮಾರ್ಚ್ 27ರಂದು ದೇಶಕ್ಕೆ ಪೋಲಿಯೋಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಇದು ಸಣ್ಣ ಕೆಲಸವಲ್ಲ. 'ಸಾಮ್ರಾಜ್ಯಶಾಹಿಯ ದುಡ್ಡು' ಎಂದು ಕೂಗಿ ಕೂಸಿನ ಬಾಯಿ ಮುಚ್ಚಿಸುವ ಕ್ರಾಂತಿಕಾರಿ ನಮಗೆ ಬೇಡ. ದಡಾರ ಕೊಲ್ಲುವುದು ಕೂಸನ್ನು, ವ್ಯವಸ್ಥೆಯನ್ನಲ್ಲ.

ನಮ್ಮ ತಕರಾರು ಇರುವುದು ಖಾತೆ ಪುಸ್ತಕದ ಬಗ್ಗೆ. ಅದರಲ್ಲಿ ಬಡವರು ಯಾವತ್ತೂ 'ಪಡೆದವರು' ಎಂಬ ಸಾಲಿನಲ್ಲೇ ಇರುತ್ತಾರೆ. ಚರಿತ್ರೆ ಬೇರೆ ಮಾತು ಹೇಳುತ್ತದೆ.

1805ರ ಸುಮಾರಿಗೆ ಥಾಮಸ್ ಹಿಕಿ ಬರೆದನೆನ್ನಲಾದ ಮೈಸೂರು ರಾಣಿಯರ ಚಿತ್ರವೊಂದಿದೆ. ಒಬ್ಬ ರಾಣಿ ಸೆರಗಿನ ಕಡೆ ಕೈ ಮಾಡಿ ತೋಳಿನ ಜಾಗ ತೋರುತ್ತಾಳೆ. ಅಲ್ಲಿ ಸಿಡುಬಿನ ಲಸಿಕೆ ಹಾಕಿಸಿಕೊಂಡಿದ್ದಾಳೆ, ಇದು ಲಸಿಕೆಯ ಪ್ರಚಾರಕ್ಕೆ ಬರೆಸಿದ ಚಿತ್ರ ಎಂದು ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಓದಿದ್ದಾರೆ. ಒಳ್ಳೆಯ ಓದು. ಆದರೆ ರಾಣಿಯ ತೋಳಿನವರೆಗೆ ಆ ಮದ್ದು ಬಂದದ್ದು ಹೇಗೆ? ಆಗ ಐಸ್ ಡಬ್ಬಿ ಇರಲಿಲ್ಲ. ಒಂದು ಮಗುವಿನ ತೋಳಿನ ಗುಳ್ಳೆಯ ರಸವನ್ನು ಇನ್ನೊಂದು ಮಗುವಿನ ತೋಳಿಗೆ ದಾಟಿಸಬೇಕಿತ್ತು. 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಆನಾ ಡಸ್ಟ್‌ಹಾಲ್ ಎಂಬ ಹುಡುಗಿಗೆ ಲಸಿಕೆ ಹಿಡಿಯಿತು. ಅವಳ ತೋಳಿನಿಂದ ಇನ್ನು ಐದು ಮಕ್ಕಳಿಗೆ, ಆಮೇಲೆ ತೋಳಿಂದ ತೋಳಿಗೆ ದಕ್ಷಿಣದವರೆಗೆ. 1803ರಲ್ಲಿ ಸ್ಪೇನಿನಿಂದ ಅಮೆರಿಕ ಖಂಡಕ್ಕೆ ಲಸಿಕೆ ಸಾಗಿಸಿದ ಹಡಗಿನಲ್ಲಿ ಮದ್ದಿನ ಪಾತ್ರೆಗಳಾದವರು 22 ಅನಾಥ ಹುಡುಗರು. ನಮ್ಮ ದೇಶದಲ್ಲಾದರೋ, ಕೆಳಜಾತಿಯ ಮಕ್ಕಳ ತೋಳಿನ ರಸ ನಮ್ಮ ಮೈಗೆ ಬೇಡವೆಂದು ಮೇಲ್ಜಾತಿಯವರು ಹಿಂಜರಿದದ್ದು ಹತ್ತೊಂಬತ್ತನೇ ಶತಮಾನದ ದಾಖಲೆಗಳಲ್ಲಿದೆ. ಅಂದಮೇಲೆ ಕೊಟ್ಟವರು ಯಾರು, ಪಡೆದವರು ಯಾರು?

ಇದು ಹಳೆಯ ಕತೆಯಲ್ಲ. ಕೂಸಿಗೆ ಆರು, ಹತ್ತು, ಹದಿನಾಲ್ಕು ವಾರಕ್ಕೆ ಸೂಜಿ. ಒಂಬತ್ತು ತಿಂಗಳು ತುಂಬಿದ ಮೇಲೆ ದಡಾರದ್ದು. ಮಳೆ ಕೈಕೊಟ್ಟ ವರ್ಷ ನಮ್ಮ ಜನ ಮಂಡ್ಯದ ಕಬ್ಬಿಗೆ, ಚಿಕ್ಕಮಗಳೂರಿನ ಕಾಫಿ ತೋಟಕ್ಕೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗುತ್ತಾರೆ. ತಾಯಿ ಕಾರ್ಡನ್ನು ಬಟ್ಟೆ ಗಂಟಿನಲ್ಲಿ ಕಟ್ಟಿಕೊಂಡು ಹೋದ ಅವ್ವ, 'ಒಂದಿನದ ಕೂಲಿ ಹೋದ್ರ ಹೋಗ್ಲಿ, ಕೂಸು ಉಳೀಲಿ' ಅಂತ ಗುರುತಿಲ್ಲದ ಊರಲ್ಲಿ ಅಂಗನವಾಡಿ ಹುಡುಕುತ್ತಾಳೆ. ಸೂಜಿ ಜ್ವರಕ್ಕೆ ಮರುದಿನದ ಕೂಲಿಯೂ ಹೋಗುತ್ತದೆ. ಈ ಎರಡು ದಿನದ ಕೂಲಿ ಯಾವ ದಾನಿಗಳ ಪಟ್ಟಿಯಲ್ಲಿದೆ? ಮನೆಮನೆ ತಿರುಗಿ ಕೂಸುಗಳನ್ನು ಕರೆತರುವ ಆಶಾ ಕಾರ್ಯಕರ್ತೆಯರು ತಿಂಗಳಿಗೆ 15,000 ರೂಪಾಯಿ ಕೇಳಿ 2025ರ ಜನವರಿಯಲ್ಲಿ ಬೆಂಗಳೂರಿನ ಚಳಿಯಲ್ಲಿ ಕೂತರು. ಅವರ ದುಡಿಮೆಗೆ ಸರ್ಕಾರ ಇಟ್ಟ ಹೆಸರು ಗೌರವಧನ. ಕೂಲಿ ಎಂದರೆ ಕೇಳುವ ಹಕ್ಕಿದೆ. ಗೌರವಧನ ಎಂದರೆ ಕೈ ಮುಗಿಯಬೇಕು.

ಬಡ ದೇಶಗಳ ಮಕ್ಕಳಿಗೆ ಲಸಿಕೆ ಒದಗಿಸಲು 2000ದಲ್ಲಿ ಗಾವಿ ಎಂಬ ಒಕ್ಕೂಟ ಹುಟ್ಟಿತು. ಗೇಟ್ಸ್ ಪ್ರತಿಷ್ಠಾನ ಮೊದಲಿಗೇ 75 ಕೋಟಿ ಡಾಲರ್ ಕೊಡುವ ಮಾತು ಕೊಟ್ಟಿತು. ಕೋಟ್ಯಂತರ ಮಕ್ಕಳಿಗೆ ಇದರಿಂದ ಲಸಿಕೆ ಸಿಕ್ಕಿದೆ. ಆದರೆ 2025ರ ಜೂನ್‌ನಲ್ಲಿ ಅಮೆರಿಕದ ಸರ್ಕಾರ ಗಾವಿಗೆ ಇನ್ನು ದುಡ್ಡು ಕೊಡುವುದಿಲ್ಲ ಎಂದು ಘೋಷಿಸಿತು. ದಾನದ ಸ್ವಭಾವವೇ ಇದು. ಕೊಟ್ಟವನ ಮನಸ್ಸು ತಿರುಗಿದರೆ ಕೇಳುವ ಹಾಗಿಲ್ಲ. ಇದಕ್ಕೇ ಶರಣರು ದಾನವನ್ನು ಬಿಟ್ಟು ದಾಸೋಹ ಎಂದರು. ದಾನದಲ್ಲಿ ಕೊಡುವವನು ಮೇಲೆ ನಿಲ್ಲುತ್ತಾನೆ, ದಾಸೋಹದಲ್ಲಿ ಸಾಲ ತೀರಿಸುವವನ ಹಾಗೆ ತಲೆ ತಗ್ಗಿಸುತ್ತಾನೆ.

ಹಾಗಾದರೆ ನಾವೇನು ಮಾಡಬೇಕು? ಕೊಡಬೇಕು. ಕಾಡು ಪೋಲಿಯೋ ವೈರಾಣುವಿನ ಹರಡುವಿಕೆ ಇನ್ನೂ ನಿಲ್ಲದಿರುವುದು ಪಾಕಿಸ್ತಾನ, ಅಫಘಾನಿಸ್ತಾನಗಳಲ್ಲಿ. ಗಡಿಯಾಚೆಯ ಕೂಸು ಅಂತ ಕೈ ಹಿಂದೆಳೆದರೆ ನಾವೂ ಊರ ಬಾವಿಗೆ ಕಾವಲು ನಿಂತ ಯಜಮಾನರ ಸಾಲಿಗೇ ಸೇರುತ್ತೇವೆ. ಹತ್ತು ರೂಪಾಯಿಯಾದರೂ ಕೊಡೋಣ. ಫೋಟೋ ತೆಗೆಸಿಕೊಳ್ಳುವುದು ಬೇಡ. ಜೊತೆಗೆ, ಸೂಜಿಯ ದಿನ ಅವ್ವಂದಿರಿಗೆ ಕೂಲಿ ಸಿಗಲಿ, ಆಶಾಗಳಿಗೆ ಸಂಬಳ ಸಿಗಲಿ ಎಂದು ಸರ್ಕಾರವನ್ನು ಕೇಳೋಣ.

ಕೊನೆಗೊಂದು ಮಾತು ನಮ್ಮ ಕವಿಗಳಿಗೆ. ಹಸಿವು ಬರೆದಿದ್ದೇವೆ, ಚಾಟಿ ಬರೆದಿದ್ದೇವೆ. ತಾಯಿ ಕಾರ್ಡು ಹಿಡಿದು ಬಿಸಿಲಲ್ಲಿ ಸಾಲು ನಿಂತ ಅವ್ವನನ್ನು ಎಷ್ಟು ಬರೆದಿದ್ದೇವೆ? ಭಿತ್ತಿಪತ್ರದವರು ಅವಳನ್ನು ಚೌಕಟ್ಟಿನ ಆಚೆ ಇಟ್ಟಿದ್ದಾರೆ. ನಾವೂ ಅಲ್ಲೇ ಬಿಡಬಾರದು.